ಗಾಡಿ ಇಲ್ಲದವರ ಗ್ಯಾಂಗು

‘ಮಗಾ, ರಾತ್ರಿ ಎಂಟಕ್ಕೆ ಎಲ್ಲರೂ ರೂಮಿಗೆ ಬನ್ನಿ. ಕೇಕ್ ತಂದಾಗಿದೆ.’

ಕ್ಲಾಸಿನ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಈ ಮೆಸೇಜು ಬಿದ್ದ ಐದು ನಿಮಿಷಕ್ಕೆ ಸಾಲಾಗಿ ಹೆಬ್ಬೆರಳುಗಳು ಎದ್ದು ನಿಂತವು. ನಾನು ಫೋನನ್ನು ದಿಂಬಿನ ಕೆಳಗೆ ಸೇರಿಸಿ, ಅರ್ಧ ಗಂಟೆ ಬಿಟ್ಟು ಹೊರತೆಗೆದು ಟೈಪ್ ಮಾಡಿದೆ: ‘ಸಾರಿ ಕಣ್ರೋ, ಮನೆಗೆ ನೆಂಟರು ಬಂದಿದ್ದಾರೆ.’

ಆ ಸೆಮಿಸ್ಟರಿನಲ್ಲಿ ನಮ್ಮ ಮನೆಗೆ ಬಂದಷ್ಟು ನೆಂಟರು ಶಿವಮೊಗ್ಗದ ಯಾವ ಕಲ್ಯಾಣ ಮಂಟಪಕ್ಕೂ ಬಂದಿರಲಿಕ್ಕಿಲ್ಲ. ಒಮ್ಮೆ ಅತ್ತೆ, ಒಮ್ಮೆ ಚಿಕ್ಕಪ್ಪ, ಒಮ್ಮೆ ಅಮ್ಮನ ತವರಿನವರು. ನಿಜ ಹೇಳಬೇಕೆಂದರೆ ಒಬ್ಬರೂ ಬಂದಿರಲಿಲ್ಲ. ನನ್ನ ಹತ್ತಿರ ಗಾಡಿ ಇರಲಿಲ್ಲ, ಅಷ್ಟೆ.

ನಾನು ಬಿ.ಇ. ಮೆಕ್ಯಾನಿಕಲ್ ಐದನೇ ಸೆಮಿಸ್ಟರಿನ ವಿದ್ಯಾರ್ಥಿ. ಮನೆ ಶಿವಮೊಗ್ಗದ ಕೋಟೆಯಲ್ಲಿ. ಕೋಟೆ ಎಂದರೆ ಹಳೇ ಊರು. ಒಂದು ಕಡೆ ಆಂಜನೇಯ, ಒಂದು ಕಡೆ ಮಾರಿಕಾಂಬೆ, ಶಿವಪ್ಪ ನಾಯಕನ ಅರಮನೆ, ಅದರ ಹಿಂದೆ ತುಂಗೆ. ತರಕಾರಿಗೆ, ಬಟ್ಟೆಗೆ, ಪುಸ್ತಕಕ್ಕೆ ಎಲ್ಲದಕ್ಕೂ ಗಾಂಧಿ ಬಜಾರ್ ನಡೆಯುವಷ್ಟು ಹತ್ತಿರ. ಹೈಸ್ಕೂಲು, ಪಿಯುಸಿ ಎರಡನ್ನೂ ಕಾಲ್ನಡಿಗೆಯಲ್ಲೇ ಮುಗಿಸಿದವನು ನಾನು. ಗಾಡಿ ಇಲ್ಲ ಎಂಬುದು ಒಂದು ಕೊರತೆ ಎಂದು ಹದಿನೆಂಟು ವರ್ಷ ನನಗೆ ಅನ್ನಿಸಿಯೇ ಇರಲಿಲ್ಲ.

ಅನ್ನಿಸಿದ್ದು ಸಿಇಟಿ ಸೀಟು ಸಿಕ್ಕ ಮೇಲೆ. ನಮ್ಮ ಕಾಲೇಜು ಊರ ಹೊರಗಿದೆ. ಸಣ್ಣ ಕಾಲೇಜು. ಮುಂದೆ ದೊಡ್ಡ ರಸ್ತೆ, ಹಿಂದೆ ಅಡಿಕೆ ತೋಟ, ಗೇಟಿನ ಎದುರು ಒಂದು ಟೀ ಅಂಗಡಿ, ಒಂದು ಜೆರಾಕ್ಸ್ ಅಂಗಡಿ. ಕಾಲೇಜಿನವರನ್ನು ದೂರಿ ಪ್ರಯೋಜನವಿಲ್ಲ. ಇಂಜಿನಿಯರಿಂಗ್ ಕಾಲೇಜಿಗೆ ಎಕರೆಗಟ್ಟಲೆ ಜಾಗ ಬೇಕು, ಅಷ್ಟು ಜಾಗ ಊರೊಳಗೆ ಎಲ್ಲಿಂದ ಬರಬೇಕು? 1987ರಲ್ಲಿ ಹುಟ್ಟಿದ ನಮ್ಮ ಕುವೆಂಪು ವಿಶ್ವವಿದ್ಯಾಲಯ ಕೂಡ ಶಿವಮೊಗ್ಗದೊಳಗಿಲ್ಲ, ಭದ್ರಾ ಅಣೆಕಟ್ಟಿನ ಹತ್ತಿರದ ಶಂಕರಘಟ್ಟದಲ್ಲಿದೆ. ಕರ್ನಾಟಕದ ಬಹುತೇಕ ಜಿಲ್ಲೆಗಳಲ್ಲಿ ಹೊಸ ಕಾಲೇಜುಗಳ ಕಥೆ ಇದೇ. ಹಾಗಾಗಿ ನನ್ನ ಕಥೆ ಓದುವಾಗ ನಿಮ್ಮ ಕಾಲೇಜಿನ ಗೇಟು ಕಣ್ಣ ಮುಂದೆ ಬಂದರೆ ಆಶ್ಚರ್ಯವಿಲ್ಲ.

ಏಳೂವರೆಗೆ ಮುಗಿಯುವ ದಿನ

ಸಂಜೆ ನಾಲ್ಕೂವರೆವರೆಗೆ ನಾವೆಲ್ಲ ಸಮಾನರು. ವಿಟಿಯು ನಿಯಮದ ಶೇ 85 ಹಾಜರಾತಿ ಗಾಡಿ ಇದ್ದವನಿಗೂ ಬೇಕು, ಇಲ್ಲದವನಿಗೂ ಬೇಕು. ನಾಲ್ಕೂವರೆ ಆದ ಮೇಲೆ ಕ್ಲಾಸು ಎರಡು ಭಾಗವಾಗುತ್ತದೆ. ಒಂದು ಗುಂಪು ಪಾರ್ಕಿಂಗ್ ಕಡೆ ನಡೆಯುತ್ತದೆ, ಇನ್ನೊಂದು ಬಸ್‌ಸ್ಟಾಪ್ ಕಡೆ.

ನಮ್ಮ ಸ್ಟಾಪಿಗೆ ಬರುವ ಸಿಟಿ ಬಸ್ಸುಗಳು ಸಂಜೆ ಆರರವರೆಗೆ ಪರವಾಗಿಲ್ಲ. ಆಮೇಲೆ ಒಂದೊಂದಾಗಿ ಕಡಿಮೆಯಾಗುತ್ತವೆ. ಕೊನೆಯದು ಏಳೂವರೆಗೆ. ಅದೂ ಜನ ಇದ್ದರೆ ನಿಲ್ಲುತ್ತದೆ, ಇಲ್ಲದಿದ್ದರೆ ಹಾರ್ನ್ ಹೊಡೆದು ಹೋಗುತ್ತದೆ. ಅದು ತಪ್ಪಿದರೆ ಆಟೊ. ವಾಪಸ್ ಖಾಲಿ ಬರಬೇಕು ಎಂದು ಆಟೊದವರು ಕೇಳುವ ದುಡ್ಡಿನಲ್ಲಿ ನಾನು ಒಂದು ವಾರ ಬಸ್ಸಿನಲ್ಲಿ ಓಡಾಡಬಹುದು.

ಕಾಲೇಜು ಜೀವನದ ಒಳ್ಳೆಯ ಭಾಗವೆಲ್ಲ ಶುರುವಾಗುವುದೇ ಈ ಹೊತ್ತಿಗೆ. ಫೆಸ್ಟ್‌ನ ಡಾನ್ಸ್ ಪ್ರಾಕ್ಟೀಸು, ಪ್ರಾಜೆಕ್ಟ್ ಟೀಮಿನ ಚರ್ಚೆ, ಬರ್ತ್‌ಡೇ, ಮ್ಯಾಚು, ಎಲ್ಲವೂ ಕಾಲೇಜಿನ ಪಕ್ಕದ ಪಿಜಿ ರೂಮುಗಳಲ್ಲಿ ರಾತ್ರಿ ಎಂಟರ ಮೇಲೆ. ಬರೀ ಮೋಜಾಗಿದ್ದರೆ ಬಿಟ್ಟುಬಿಡಬಹುದಿತ್ತು. ಕಳೆದ ವರ್ಷದ ಇಂಟರ್ನಲ್ ಪ್ರಶ್ನೆಪತ್ರಿಕೆ, ಸೀನಿಯರ್ ಬರೆದಿಟ್ಟ ನೋಟ್ಸು, ಪ್ಲೇಸ್‌ಮೆಂಟಿಗೆ ಯಾವ ಕಂಪನಿ ಬರುತ್ತೆ, ಇಂಟರ್ವ್ಯೂನಲ್ಲಿ ಏನು ಕೇಳ್ತಾರೆ ಎಂಬ ಸುದ್ದಿ, ಇವೆಲ್ಲ ಕೈ ಬದಲಾಗುವುದೂ ಅಲ್ಲೇ. ಮರುದಿನ ಬೆಳಿಗ್ಗೆ ಎಲ್ಲರೂ ಒಂದು ಜೋಕಿಗೆ ನಗುತ್ತಾರೆ. ಆ ಜೋಕು ಹುಟ್ಟಿದಾಗ ನೀವು ಅಲ್ಲಿರಲಿಲ್ಲ. ‘ಏನಾಯ್ತೋ?’ ಎಂದು ಕೇಳಿದರೆ, ‘ಏ ಬಿಡೋ, ಹೇಳಿದ್ರೆ ಮಜಾ ಬರಲ್ಲ’ ಎನ್ನುತ್ತಾರೆ. ಅವರು ಹೇಳುವುದೂ ನಿಜವೇ.

2023ರ ಫೆಬ್ರುವರಿಯಲ್ಲಿ ನಮ್ಮೂರಿನ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ನಮಗೆಲ್ಲ ಹೆಮ್ಮೆಯೇ. ಆದರೆ ರಾತ್ರಿ ಎಂಟಕ್ಕೆ ಕಾಲೇಜಿನ ಎದುರು ಬಸ್ಸಿಗಾಗಿ ನಿಂತು ಆಕಾಶ ನೋಡುವಾಗ, ಶಿವಮೊಗ್ಗದಿಂದ ಬೆಂಗಳೂರಿಗೆ ಹಾರುವುದು ಸುಲಭವಾಯಿತು, ಕೋಟೆಗೆ ಹೋಗುವುದೇ ಕಷ್ಟ ಎಂದು ನಗು ಬರುತ್ತಿತ್ತು.

ಗಾಡಿಯಿಲ್ಲದ ಹೆಲ್ಮೆಟ್

ಇದಕ್ಕೆ ನಾನು ಮೊದಲು ಕಂಡುಕೊಂಡ ಪರಿಹಾರ ‘ಡ್ರಾಪ್’. ಗೆಳೆಯನೊಬ್ಬನ ಮನೆ ವಿನೋಬನಗರದಲ್ಲಿ, ಅವನ ಹತ್ತಿರ ಬೈಕಿದೆ. ‘ಮಗಾ, ನಂಗೊಂದು ಡ್ರಾಪ್ ಕೊಡ್ತೀಯಾ?’ ಎಂದು ಕೇಳಿದೆ. ‘ಬಾರೋ, ಅದಕ್ಕೇನು’ ಅಂದ.

ಹಿಂದೆ ಕೂರುವವರಿಗೂ ಹೆಲ್ಮೆಟ್ ಕಡ್ಡಾಯವಲ್ಲವೇ? ನನ್ನಿಂದ ಅವನಿಗೆ ದಂಡ ಬೀಳಬಾರದು ಎಂದು, ಟ್ಯೂಷನ್ ಹೇಳಿ ಉಳಿಸಿದ್ದ ದುಡ್ಡಿನಲ್ಲಿ ಒಂದು ಹೆಲ್ಮೆಟ್ ಕೊಂಡೆ. ಬೆಳಿಗ್ಗೆ ಹೆಲ್ಮೆಟ್ ಹಿಡಿದು ಸಿಟಿ ಬಸ್ ಹತ್ತುವ ಹುಡುಗನನ್ನು ನೀವು ನೋಡಿದ್ದೀರಾ? ಅದು ನಾನೇ. ಕಂಡಕ್ಟರ್ ಅಣ್ಣ ಮೊದಲ ದಿನ ಮುಖ ನೋಡಿದರು, ಎರಡನೇ ದಿನ ಹೆಲ್ಮೆಟ್ ನೋಡಿದರು, ಮೂರನೇ ದಿನ ಕೇಳಿಯೇಬಿಟ್ಟರು: ‘ಏನ್ ತಮ್ಮಾ, ನಮ್ ಡ್ರೈವರ್ ಮೇಲೆ ಅಷ್ಟೂ ನಂಬಿಕೆ ಇಲ್ವಾ?’ ಬಸ್ಸಿಗೆ ಬಸ್ಸೇ ನಕ್ಕಿತು. ನಾನೂ ನಕ್ಕೆ.

ನಗು ಬಾರದ ದಿನವೂ ಬಂತು. ಡ್ರಾಪ್ ಎಂಬುದು ಸಾಲದ ಹಾಗೆ. ಒಮ್ಮೆ ಕೊಟ್ಟವನಿಗೆ ಖುಷಿ, ಹತ್ತನೇ ಸಲ ಕೊಡುವವನಿಗೆ ಅಭ್ಯಾಸ, ಇಪ್ಪತ್ತನೇ ಸಲ ಭಾರ. ಇಸಕೊಳ್ಳುವವನಿಗಂತೂ ಮೊದಲ ದಿನದಿಂದಲೇ ಮುಜುಗರ. ಅವನು ಹೊರಡುವಾಗ ನಾನೂ ಹೊರಡಬೇಕು. ಅವನು ಇನ್ನೊಂದು ಟೀ ಕುಡಿದರೆ ನನಗೂ ಇನ್ನೊಂದು ಟೀ. ಪೆಟ್ರೋಲಿಗೆ ದುಡ್ಡು ಕೊಡಲು ಹೋದರೆ ಬೈದ. ಕೊಡದಿದ್ದರೆ ನನಗೇ ಬೇಜಾರು.

ಒಂದು ಸಂಜೆ ಲ್ಯಾಬಿನಿಂದ ಬ್ಯಾಗು ತರಲು ಹೋಗಿದ್ದೆ. ವಾಪಸ್ ಬರುವಾಗ ಪಾರ್ಕಿಂಗ್‌ನಲ್ಲಿ ಅವನು ಇನ್ನೊಬ್ಬನಿಗೆ ಹೇಳುತ್ತಿದ್ದ: ‘ನಾನೂ ಬರ್ತಿದ್ದೆ ಮಾರಾಯ. ಇವನನ್ನ ಕೋಟೆಗೆ ಬಿಟ್ಟು ಬರಬೇಕಲ್ಲ.’ ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸುಮ್ಮನೆ ಇದ್ದದ್ದನ್ನು ಹೇಳಿದ್ದ. ಅದಕ್ಕೇ ಹೆಚ್ಚು ನೋವಾಯಿತು. ಎರಡು ನಿಮಿಷ ಕಂಬದ ಹಿಂದೆ ನಿಂತು, ಆಮೇಲೆ ಎದುರು ಹೋಗಿ, ‘ನೀನು ಹೋಗೋ, ಇವತ್ತು ಅಪ್ಪ ಬರ್ತಾರೆ’ ಎಂದೆ. ನಮ್ಮಪ್ಪನಿಗೂ ಗಾಡಿ ಇಲ್ಲ ಎಂಬುದು ಅವನಿಗೆ ಗೊತ್ತಿಲ್ಲದಿದ್ದದ್ದು ಒಳ್ಳೆಯದಾಯಿತು.

ಅಂದಿನಿಂದ ಹೆಲ್ಮೆಟ್ ಮನೆಯ ಅಟ್ಟ ಸೇರಿತು. ನೆಂಟರು ಬರಲು ಶುರುವಾದದ್ದು ಆಗಲೇ.

ಜಾತ್ರೆ ದಿನ ಎಲ್ಲರೂ ಪಾದಚಾರಿಗಳು

ನಮ್ಮ ಕೋಟೆ ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ. ಆ ದಿನಗಳಲ್ಲಿ ಗಾಂಧಿ ಬಜಾರಿನಿಂದ ಕೋಟೆಯವರೆಗೆ ಜನವೋ ಜನ. ನಮ್ಮ ಬೀದಿಗೆ ಗಾಡಿ ಬಿಡುವುದಿಲ್ಲ. ಎಂಥ ಬುಲೆಟ್ ಇದ್ದವನೂ ಎಲ್ಲೋ ದೂರದಲ್ಲಿ ನಿಲ್ಲಿಸಿ ನಡೆದೇ ಬರಬೇಕು.

ಕಳೆದ ಜಾತ್ರೆಗೆ ಕ್ಲಾಸಿನ ಹತ್ತು ಹನ್ನೆರಡು ಮಂದಿ ಬಂದರು. ‘ನಿಮ್ಮನೆ ಅಲ್ಲೇ ಅಲ್ವೇನೋ?’ ಎಂದು ಫೋನ್ ಮಾಡಿದರು. ಹೋಗಿ ಕರೆದುಕೊಂಡು ಬಂದೆ. ಯಾವ ಗಲ್ಲಿಯಲ್ಲಿ ನುಗ್ಗಿದರೆ ಸಾಲು ತಪ್ಪುತ್ತದೆ, ಯಾರ ಅಂಗಡಿಯ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಚೆನ್ನಾಗಿರುತ್ತದೆ, ಎಲ್ಲ ನನಗೆ ಗೊತ್ತು. ಅಮ್ಮ ಅಷ್ಟು ಜನಕ್ಕೂ ಊಟ ಬಡಿಸಿದರು. ವಿನೋಬನಗರದ ಗೆಳೆಯ ಎರಡು ಸಲ ಸಾರು ಹಾಕಿಸಿಕೊಂಡ. ಊಟವಾದ ಮೇಲೆ ಹೊಳೆದಂಡೆಯ ಮೆಟ್ಟಿಲ ಮೇಲೆ ಕೂತು ಹನ್ನೊಂದರವರೆಗೆ ಹರಟಿದೆವು. ಆ ದಿನದ ಜೋಕುಗಳು ಹುಟ್ಟಿದಾಗ ನಾನು ಅಲ್ಲೇ ಇದ್ದೆ.

ಮುಂದಿನ ವಾರ ಮತ್ತೆ ಹಳೇ ಕಥೆ. ಗೆಳೆಯರು ಬದಲಾಗಿರಲಿಲ್ಲ, ನಾನೂ ಬದಲಾಗಿರಲಿಲ್ಲ. ಕೂಡುವ ಜಾಗ ಬದಲಾಗಿತ್ತು, ಅಷ್ಟೆ. ಈ ಸರಳ ಲೆಕ್ಕ ಅಂದೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ನನಗೆ ಹೊಳೆದದ್ದು ಒಂದೇ: ನನಗೂ ಒಂದು ಬೈಕು ಬೇಕು.

ಅಪ್ಪನ ಚೀಟಿ

ಅಪ್ಪ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತಾರೆ. ಬೆಳಿಗ್ಗೆ ಒಂಬತ್ತಕ್ಕೆ ನಡೆದು ಹೋಗಿ ರಾತ್ರಿ ಒಂಬತ್ತಕ್ಕೆ ನಡೆದು ಬರುತ್ತಾರೆ. ಅವರ ಹತ್ತಿರ ನಾನು ಎಂದೂ ಹಟ ಮಾಡಿದವನಲ್ಲ. ಆದರೆ ಎರಡು ತಿಂಗಳು ಊಟಕ್ಕೆ ಕೂತಾಗಲೆಲ್ಲ ಬೈಕಿನ ಮಾತೆತ್ತಿದೆ. ಹೊಸ ಬೈಕೆಂದರೆ ಲಕ್ಷದ ಆಸುಪಾಸು, ಪೆಟ್ರೋಲು ಲೀಟರಿಗೆ ನೂರು ದಾಟಿದೆ ಎಂಬುದೆಲ್ಲ ನನಗೂ ಗೊತ್ತಿತ್ತು. ‘ಸೆಕೆಂಡ್ ಹ್ಯಾಂಡ್ ಆದ್ರೂ ಸಾಕಪ್ಪ. ಪ್ರಾಜೆಕ್ಟಿಗೆ ಬೇಕೇ ಬೇಕು’ ಎಂದೆ. ಪ್ರಾಜೆಕ್ಟ್ ಎಂಬ ಪದ ಕೇಳಿದರೆ ಅಪ್ಪ ಏನೂ ಮಾತಾಡುವುದಿಲ್ಲ ಎಂಬುದೂ ಗೊತ್ತಿತ್ತು.

ಒಂದು ರಾತ್ರಿ ಕೈ ತೊಳೆಯುತ್ತಾ ಅಂದರು: ‘ಮುಂದಿನ ತಿಂಗಳು ಚೀಟಿ ಕೂಗ್ತೀನಿ. ನೋಡೋಣ.’

ಆ ಚೀಟಿ ಯಾವುದಕ್ಕೆ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತು. ತಂಗಿ ಪಿಯುಸಿ ಓದುತ್ತಿದ್ದಾಳೆ. ಅವಳ ಮುಂದಿನ ಅಡ್ಮಿಷನ್ನಿಗೆಂದು ಅಪ್ಪ ಕಟ್ಟುತ್ತಿದ್ದ ಚೀಟಿ ಅದು. ತಂಗಿ ಏನೂ ಹೇಳಲಿಲ್ಲ. ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ನಾನು ಫೋನಿನಲ್ಲಿ ಬೈಕುಗಳ ಫೋಟೊ ನೋಡುತ್ತಾ ಮಲಗಿದೆ. ಆ ರಾತ್ರಿ ನನಗೆ ಚೆನ್ನಾಗಿ ನಿದ್ದೆ ಬಂತು ಎಂದು ಬರೆಯಲು ಇವತ್ತು ನಾಚಿಕೆಯಾಗುತ್ತದೆ.

ಭದ್ರಾವತಿ ಬಸ್ಸಿನ ಹುಡುಗಿ

ಏಪ್ರಿಲ್ ಕೊನೆಯ ಒಂದು ಸಂಜೆ ಗುಡುಗು ಸಹಿತ ಮಳೆ ಹಿಡಿದುಕೊಂಡಿತು. ಸ್ಟಾಪಿನಲ್ಲಿ ನಾನು ಮತ್ತು ನಮ್ಮ ಕ್ಲಾಸಿನ ಒಬ್ಬಳು ಹುಡುಗಿ, ಇಬ್ಬರೇ. ಮೆಕ್ಯಾನಿಕಲ್‌ನಲ್ಲಿ ಇರುವ ಬೆರಳೆಣಿಕೆಯ ಹುಡುಗಿಯರಲ್ಲಿ ಅವಳೊಬ್ಬಳು. ಮನೆ ಭದ್ರಾವತಿ. ಅವಳ ಅಜ್ಜ ಅಲ್ಲಿನ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು, ದಿನಾ ಸೈಕಲ್ಲಿನಲ್ಲೇ ಪಾಳಿಗೆ ಹೋಗುತ್ತಿದ್ದರಂತೆ. 1923ರಲ್ಲಿ ಉತ್ಪಾದನೆ ಶುರು ಮಾಡಿದ ಕಾರ್ಖಾನೆ ಅದು. ಬೆಂಕಿಪುರ ಎಂಬ ಹಳೇ ಹೆಸರಿನ ಊರು ಉಕ್ಕಿನ ನಗರವಾದದ್ದು ಅದರಿಂದಲೇ. ಆಗ ಸುತ್ತಲಿನವರು ಕೆಲಸಕ್ಕೆಂದು ಭದ್ರಾವತಿಗೆ ಬರುತ್ತಿದ್ದರು. ಕಾಗದ ಕಾರ್ಖಾನೆಯಲ್ಲಿ 2015ರಲ್ಲಿ ಉತ್ಪಾದನೆ ನಿಂತಿತು, ಉಕ್ಕಿನ ಕಾರ್ಖಾನೆಯನ್ನೂ ಮುಚ್ಚುವ ಮಾತು 2023ರಲ್ಲಿ ಬಂತು. ಈಗ ಓದಲಿಕ್ಕೆ, ಕೆಲಸ ಹುಡುಕಲಿಕ್ಕೆ ಭದ್ರಾವತಿಯವರೇ ಬಸ್ ಹತ್ತುತ್ತಾರೆ.

‘ನಿಮ್ಮನೆ ನೆಂಟರು ಹೋದ್ರೇನೋ?’ ಎಂದು ಅವಳು ಕೇಳಿದಳು. ನಗುತ್ತಿದ್ದಳು. ಗೊತ್ತಾಗಿದೆ ಎಂದು ನನಗೂ ಗೊತ್ತಾಯಿತು. ಅಷ್ಟು ದಿನ ಯಾರಿಗೂ ಹೇಳದ್ದನ್ನೆಲ್ಲ ಹೇಳಿಬಿಟ್ಟೆ. ಪಾರ್ಕಿಂಗ್‌ನಲ್ಲಿ ಕೇಳಿಸಿಕೊಂಡದ್ದು, ಅಪ್ಪನ ಚೀಟಿ, ಮುಂದಿನ ತಿಂಗಳು ಬರಲಿರುವ ಬೈಕು.

ಅವಳು ಕೊಡೆಯ ನೀರು ಕೊಡವುತ್ತಾ ಹೇಳಿದ ಮಾತು ಇದು: ‘ನೋಡೋ, ನಾನು ಬೆಳಿಗ್ಗೆ ಆರೂವರೆಗೆ ಮನೆ ಬಿಡ್ತೀನಿ. ಭದ್ರಾವತಿಯಿಂದ ಬಸ್‌ಸ್ಟ್ಯಾಂಡಿಗೆ ಒಂದು ಬಸ್ಸು, ಅಲ್ಲಿಂದ ಕಾಲೇಜಿಗೆ ಇನ್ನೊಂದು. ಸರ್ಕಾರಿ ಬಸ್ಸಲ್ಲಿ ಟಿಕೆಟ್ ಇಲ್ಲ ಅಂತ ಅದಕ್ಕೇ ಕಾಯ್ತೀನಿ. ದುಡ್ಡು ಉಳಿಯುತ್ತೆ, ಟೈಮ್ ಹೋಗುತ್ತೆ. ಪ್ರೈವೇಟ್ ಸಿಟಿ ಬಸ್ಸಿಗೆ ಹೆಂಗೂ ಕೊಡ್ಬೇಕು. ಸಂಜೆ ಏಳರೊಳಗೆ ಮನೇಲಿ ಇರ್ಬೇಕು, ಇಲ್ದಿದ್ರೆ ಅಮ್ಮ ಬಾಗಿಲಲ್ಲಿ ನಿಂತಿರ್ತಾರೆ. ಎರಡು ವರ್ಷದಲ್ಲಿ ನಿಮ್ಮ ಒಂದು ಬರ್ತ್‌ಡೇಗಾದ್ರೂ ನಾನು ಬಂದಿದ್ದು ನೋಡಿದ್ಯಾ? ನಾನು ಯಾಕೆ ಬರ್ತಿಲ್ಲ ಅಂತ ನೀನು ಒಂದು ದಿನ ಕೇಳಿದ್ಯಾ?’

ಕೇಳಿರಲಿಲ್ಲ.

‘ನಿಂಗೆ ಬೈಕ್ ಬಂದ್ರೆ ನೀನು ಆ ಕಡೆ ಹೋಗ್ತೀಯ, ಅಷ್ಟೆ. ಸ್ಟಾಪಲ್ಲಿ ನಿಲ್ಲೋರು ಒಬ್ರು ಕಮ್ಮಿ ಆಗ್ತಾರೆ’ ಎಂದಳು. ಅಷ್ಟರಲ್ಲಿ ಬಸ್ಸು ಬಂತು.

ಅವಳು ಹೇಳಿದ ಉಚಿತ ಪ್ರಯಾಣ ನಿಮಗೆ ಗೊತ್ತೇ ಇದೆ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆ. ನಮ್ಮೂರಿನಂಥ ಕಡೆ ಖಾಸಗಿ ಬಸ್ಸುಗಳ ಓಡಾಟವೇ ಹೆಚ್ಚು, ಅವುಗಳಿಗೆ ಅದು ಅನ್ವಯವಿಲ್ಲ. ಇಷ್ಟು ದಿನ ಸ್ಟಾಪಿನಲ್ಲಿ ಖಾಲಿ ಖಾಸಗಿ ಬಸ್ಸನ್ನು ಬಿಟ್ಟು ನಿಲ್ಲುವ ಹುಡುಗಿಯರನ್ನು ನೋಡಿ, ‘ಇವರಿಗೆ ಅವಸರವೇ ಇಲ್ಲ’ ಎಂದುಕೊಂಡಿದ್ದೆ. ಗಾಡಿ ಇಲ್ಲದವನು ನಾನೊಬ್ಬನೇ ಎಂದೂ ಅಂದುಕೊಂಡಿದ್ದೆ. ನನ್ನ ಬೇಜಾರು ಎಷ್ಟು ದೊಡ್ಡದಿತ್ತೆಂದರೆ ಪಕ್ಕದಲ್ಲಿ ನಿಂತವರು ಕಂಡಿರಲಿಲ್ಲ.

ಶಿವಪ್ಪ ನಾಯಕನ ಶಿಸ್ತು

ಮರುದಿನ ಬಿಡುವಿನ ಪೀರಿಯಡ್‌ನಲ್ಲಿ ಧೈರ್ಯ ಮಾಡಿ ಎದ್ದು ನಿಂತೆ. ‘ರಾತ್ರಿ ಎಂಟಕ್ಕೆ ಕಾಲೇಜಿನ ಹತ್ತಿರ ಬರಲಿಕ್ಕೆ ಆಗದೇ ಇರೋರು ಕೈ ಎತ್ತಿ’ ಎಂದೆ. ಮೊದಲು ನನ್ನ ಕೈ, ಆಮೇಲೆ ಭದ್ರಾವತಿಯವಳ ಕೈ. ಆಮೇಲೆ ಒಂದೊಂದಾಗಿ ಎದ್ದವು. ಹಾಸ್ಟೆಲಿನ ಹುಡುಗಿಯರು, ಗಾಜನೂರು ಕಡೆಯಿಂದ ಬರುವವನು, ಹೊಳೆಹೊನ್ನೂರಿನವನು, ಸಂಜೆ ಅಂಗಡಿಯಲ್ಲಿ ಕೆಲಸ ಮಾಡುವವನು. ಎಣಿಸಿದರೆ ಕ್ಲಾಸಿನ ಅರ್ಧಕ್ಕಿಂತ ಹೆಚ್ಚು. ವಿನೋಬನಗರದ ಗೆಳೆಯ ಹಿಂದಿನ ಬೆಂಚಿನಿಂದ, ‘ಲೋ, ಹಂಗಾದ್ರೆ ಗ್ರೂಪಲ್ಲಿ ಥಂಬ್ಸಪ್ ಹಾಕೋದು ಯಾರು?’ ಎಂದ. ಎಲ್ಲರೂ ನಕ್ಕೆವು. ಅದೇ ಹದಿನೈದು ಜನ ಯಾವಾಗಲೂ ಹಾಕುತ್ತಿದ್ದರು. ಉಳಿದವರು ಸುಮ್ಮನಿರುತ್ತಿದ್ದರು. ಸುಮ್ಮನಿದ್ದವರನ್ನು ಯಾರೂ ಎಣಿಸಿರಲಿಲ್ಲ.

ಕೆಳದಿಯ ಶಿವಪ್ಪ ನಾಯಕ ಹದಿನೇಳನೇ ಶತಮಾನದಲ್ಲಿ ಜಮೀನಿನ ಫಸಲು ನೋಡಿ ಕಂದಾಯ ನಿಗದಿ ಮಾಡಿದ್ದನ್ನು ‘ಶಿಸ್ತು’ ಎನ್ನುತ್ತಾರೆ. ನಾವೂ ಒಂದು ಶಿಸ್ತು ಮಾಡಿಕೊಂಡೆವು. ಯಾರ ಕೈಲಿ ಎಷ್ಟಾಗುತ್ತದೋ ನೋಡಿ ನಿಯಮ. ಒಂದು, ಕ್ಲಾಸಿನ ಕಾರ್ಯಕ್ರಮ ಏನೇ ಇರಲಿ, ಮೊದಲು ಮನೆಗೆ ಹೋಗಬೇಕಾದವರ ಬಸ್ಸಿನ ಸಮಯ ಕೇಳಿ ವೇಳೆ ಗೊತ್ತು ಮಾಡುವುದು. ಎರಡು, ಪ್ರಾಜೆಕ್ಟ್ ಕೆಲಸ ಮಧ್ಯಾಹ್ನದ ಬಿಡುವಿನಲ್ಲಿ ಮತ್ತು ಶನಿವಾರ. ಮೂರು, ನೋಟ್ಸು, ಹಳೇ ಪ್ರಶ್ನೆಪತ್ರಿಕೆ, ಕಂಪನಿ ಸುದ್ದಿ ರಾತ್ರಿಯ ರೂಮಿನಲ್ಲಿ ಉಳಿಯಬಾರದು, ಅದೇ ದಿನ ಗ್ರೂಪಿಗೆ ಬರಬೇಕು. ನಾಲ್ಕು, ಡ್ರಾಪ್ ಕೊಡುವವರಿಗೆ ಪೆಟ್ರೋಲ್ ದುಡ್ಡು ಕೊಟ್ಟರೆ ಬೈಯದೆ ತೆಗೆದುಕೊಳ್ಳಬೇಕು. ಕೊನೆಯದನ್ನು ಹೇಳಿದ್ದು ನಾನು.

ಮೊದಲ ಬರ್ತ್‌ಡೇ ಸಂಜೆ ಐದಕ್ಕೆ, ಕಾಲೇಜಿನ ಎದುರಿನ ಟೀ ಅಂಗಡಿಯಲ್ಲಿ ನಡೆಯಿತು. ಭದ್ರಾವತಿಯವಳು ಎರಡು ವರ್ಷದಲ್ಲಿ ಮೊದಲ ಸಲ ಕೇಕ್ ತಿಂದು ಐದೂ ಮುಕ್ಕಾಲರ ಬಸ್ ಹಿಡಿದಳು. ಶನಿವಾರಗಳಲ್ಲಿ ಕೋಟೆಯ ಹೊಳೆದಂಡೆ ನಮ್ಮ ಅಡ್ಡೆಯಾಯಿತು. ಬಸ್‌ಸ್ಟ್ಯಾಂಡಿನಲ್ಲಿ ಇಳಿದವರು ಮಾತಾಡುತ್ತಾ ನಡೆದುಕೊಂಡೇ ಬರಬಹುದು. ಮಳೆಗಾಲದಲ್ಲಿ ಕೋರ್ಪಲಯ್ಯನ ಛತ್ರದ ಬಳಿಯ ಮಂಟಪ ಮುಳುಗಿತೋ ಇಲ್ಲವೋ ಎಂದು ಊರಿನವರೆಲ್ಲ ಹೋಗಿ ನೋಡುತ್ತಾರಲ್ಲ, ಹಾಗೆ ನಾವೂ ಹೋಗಿ ನೋಡಿದೆವು.

ಒಂದು ಭಾನುವಾರ ಹದಿನೆಂಟು ಜನ ಬಸ್ಸಿನಲ್ಲಿ ಕೂಡಲಿಗೆ ಹೋಗಿಬಂದೆವು. ಶಿವಮೊಗ್ಗದಿಂದ ಸುಮಾರು 15 ಕಿ.ಮೀ. ನಮ್ಮೂರಿನ ತುಂಗೆ, ಅವಳೂರಿನ ಭದ್ರೆ ಅಲ್ಲಿ ಸೇರಿ ತುಂಗಭದ್ರೆಯಾಗುತ್ತವೆ. ಎರಡು ನೀರು ಕೂಡುವ ಜಾಗದಲ್ಲಿ ಕಾಲು ಇಳಿಬಿಟ್ಟು, ಮನೆಯಿಂದ ಕಟ್ಟಿಕೊಂಡು ಬಂದ ಪುಳಿಯೋಗರೆ ತಿಂದೆವು. ಬೈಕಿನಲ್ಲಿ ಹೋಗಿದ್ದರೆ ಇಬ್ಬಿಬ್ಬರೇ ಹೋಗುತ್ತಿದ್ದೆವು. ಬಸ್ಸಿನಲ್ಲಿ ಹದಿನೆಂಟು ಜನ ಒಟ್ಟಿಗೆ ಅಂತ್ಯಾಕ್ಷರಿ ಆಡಿದೆವು. ಕಂಡಕ್ಟರೂ ಒಂದು ಹಾಡು ಎತ್ತಿಕೊಟ್ಟರು. ಅಂದಿನಿಂದ ನಮ್ಮ ಗ್ರೂಪಿನ ಹೆಸರು ‘ಕೂಡಲಿ’.

ಎಲ್ಲವೂ ಸರಿಹೋಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ರಾತ್ರಿ ರೂಮುಗಳಲ್ಲಿ ಮ್ಯಾಚು ನಡೆಯುತ್ತವೆ, ಹೊಸ ಜೋಕುಗಳು ಹುಟ್ಟುತ್ತವೆ, ನಾವು ಅಲ್ಲಿರುವುದಿಲ್ಲ. ಫೆಸ್ಟಿನ ಡಾನ್ಸ್ ಪ್ರಾಕ್ಟೀಸು ಈಗಲೂ ಎಂಟಕ್ಕೇ. ಇಬ್ಬರು ಮೂವರು, ‘ನಿಮಗೋಸ್ಕರ ನಾವು ಐದಕ್ಕೇ ಮುಗಿಸಬೇಕಾ?’ ಎಂದು ಗೊಣಗಿದ್ದೂ ಉಂಟು. ಅವರು ಕೇಳಿದ್ದರಲ್ಲೂ ನ್ಯಾಯವಿದೆ. ಆದರೆ ಈಗ ಬರಲಾಗದವನು ‘ಬರಕ್ಕಾಗಲ್ಲ, ಬಸ್ಸಿಲ್ಲ’ ಎಂದು ನೇರವಾಗಿ ಹೇಳುತ್ತಾನೆ. ನೆಂಟರನ್ನು ಕರೆಸುವುದಿಲ್ಲ.

ಬಸ್ಸಿನ ಪರಿಚಯ

ಕೆಲಸ ಹುಡುಕುತ್ತಿರುವ ಓದುಗರಿಗೆ ಒಂದು ಮಾತು. ಪ್ಲೇಸ್‌ಮೆಂಟ್ ತರಬೇತಿಯಲ್ಲಿ ಮೇಡಂ ಒಬ್ಬರು ಮಾರ್ಕ್ ಗ್ರಾನೊವೆಟ್ಟರ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞನ ಬಗ್ಗೆ ಹೇಳಿದರು. ಪರಿಚಯದವರ ಮೂಲಕ ಕೆಲಸ ಹಿಡಿದವರನ್ನು ಅವನು ವಿಚಾರಿಸಿದ್ದ, 1973ರಲ್ಲಿ ಅದರ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದ. ಸುದ್ದಿ ಕೊಟ್ಟವರನ್ನು ಪದೇ ಪದೇ ಭೇಟಿಯಾಗುತ್ತಿದ್ದೆವು ಎಂದವರು ಶೇ 17ರಷ್ಟು ಮಾತ್ರ. ಉಳಿದವರೆಲ್ಲ ಆಗೊಮ್ಮೆ ಈಗೊಮ್ಮೆ ಸಿಗುವವರಿಂದ, ಅಪರೂಪಕ್ಕೆ ಸಿಗುವವರಿಂದ ಸುದ್ದಿ ತಿಳಿದವರು. ಕಾರಣ ಸರಳ. ನಮ್ಮ ಆಪ್ತ ಗೆಳೆಯರಿಗೆ ಗೊತ್ತಿರುವುದೆಲ್ಲ ನಮಗೂ ಮೊದಲೇ ಗೊತ್ತಿರುತ್ತದೆ. ಹೊಸ ಸುದ್ದಿ ಬರುವುದು ಬೇರೆ ವಲಯದಲ್ಲಿ ಓಡಾಡುವವರಿಂದ.

ಬೇರೆ ವಲಯದವರು ಎಲ್ಲಿ ಸಿಗುತ್ತಾರೆ? ನನಗೆ ಸಿಕ್ಕಿದ್ದು ಬಸ್ಸಿನಲ್ಲಿ. ನಮ್ಮ ಬೆಳಗಿನ ಬಸ್ಸಿನಲ್ಲಿ ಒಬ್ಬ ನರ್ಸ್ ಅಕ್ಕ, ಒಬ್ಬ ಮೇಷ್ಟ್ರು, ಅಡಿಕೆ ಮಂಡಿಯ ಒಬ್ಬ ಗುಮಾಸ್ತರು ಬರುತ್ತಾರೆ. ಭದ್ರಾವತಿಯವಳ ಬಸ್ಸಿನಲ್ಲಿ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಮಾಡುವ ಒಬ್ಬರು ದಿನಾ ಸಿಗುತ್ತಿದ್ದರು. ಅವಳ ಕೈಲಿದ್ದ ಡ್ರಾಫ್ಟರ್ ನೋಡಿ, ‘ಯಾವ ಬ್ರಾಂಚ್ ಮ್ಮಾ?’ ಎಂದು ಮಾತು ಶುರು ಮಾಡಿದವರು. ತಮ್ಮ ಫೌಂಡ್ರಿಯಲ್ಲಿ ರಜೆಯ ಸಮಯಕ್ಕೆ ನಾಲ್ಕು ವಾರ ಇಂಟರ್ನ್‌ಷಿಪ್ ಕೇಳಿ ನೋಡಬಹುದು, ಇಂಥವರಿಗೆ ಪತ್ರ ಬರೆಯಿರಿ ಎಂದರು. ಬರೆದೆವು. ಅವಳಿಗೂ ನನಗೂ ಸಿಕ್ಕಿತು. ಕುದಿಯುವ ಲೋಹವನ್ನು ಅಚ್ಚಿಗೆ ಸುರಿಯುವುದನ್ನು ಪುಸ್ತಕದ ಚಿತ್ರದಲ್ಲಿ ಮಾತ್ರ ನೋಡಿದ್ದವನು ಎದುರಿಗೇ ನೋಡಿದೆ. ಅವಳು, ‘ನಮ್ಮಜ್ಜ ಹೇಳ್ತಿದ್ದಿದ್ದು ಇದೇ ಬಿಸಿ’ ಎಂದು ಬೆವರು ಒರೆಸಿಕೊಂಡಳು.

ಬಸ್ಸಿನಲ್ಲಿ ಹೋದವರಿಗೆಲ್ಲ ಇಂಟರ್ನ್‌ಷಿಪ್ ಸಿಗುತ್ತದೆ ಎಂದು ನಾನು ಹೇಳುತ್ತಿಲ್ಲ. ಕಿವಿಯಿಂದ ಇಯರ್‌ಫೋನ್ ತೆಗೆದರೆ ಮಾತಾಡುವವರು ಸಿಗುತ್ತಾರೆ, ಅಷ್ಟು ಹೇಳಬಲ್ಲೆ.

ಹೆಲ್ಮೆಟ್ ಏನಾಯಿತು?

ಕೈ ಎತ್ತಿದ ದಿನ ರಾತ್ರಿ ಅಪ್ಪ ಊಟಕ್ಕೆ ಕೂತಾಗ ಹೇಳಿದೆ: ‘ಅಪ್ಪ, ಚೀಟಿ ಕೂಗಬೇಡಿ. ಬೈಕ್ ಈಗ ಬೇಡ.’

ಅಪ್ಪ ತುತ್ತು ಹಿಡಿದುಕೊಂಡೇ ನನ್ನ ಮುಖ ನೋಡಿದರು. ‘ಪ್ರಾಜೆಕ್ಟಿಗೆ?’

‘ಮಧ್ಯಾಹ್ನ ಮಾಡ್ತೀವಿ.’

ಅಪ್ಪ ಮತ್ತೇನೂ ಕೇಳಲಿಲ್ಲ. ಅಡುಗೆಮನೆಯಿಂದ ತಂಗಿ ಬಂದು, ಕೇಳದಿದ್ದರೂ ನನ್ನ ತಟ್ಟೆಗೆ ಇನ್ನೊಂದು ಹಪ್ಪಳ ಹಾಕಿ ಹೋದಳು. ಆ ಹಪ್ಪಳದ ಅರ್ಥ ನಮ್ಮಿಬ್ಬರಿಗೆ ಗೊತ್ತು.

ಬೈಕಿನ ಆಸೆ ಹೋಗಿಲ್ಲ. ಆಗುಂಬೆ ಘಾಟಿಯಲ್ಲಿ ಒಂದು ಸಲವಾದರೂ ನನ್ನದೇ ಗಾಡಿ ಓಡಿಸಬೇಕು ಎಂದು ಈಗಲೂ ಅನ್ನಿಸುತ್ತದೆ. ಮೊದಲ ಸಂಬಳದಲ್ಲಿ ನೋಡೋಣ. ಅಲ್ಲಿಯವರೆಗೆ ನನ್ನ ಹೆಲ್ಮೆಟ್ ಅಟ್ಟದಿಂದ ಇಳಿದು ವಿನೋಬನಗರದ ಗೆಳೆಯನ ಬೈಕಿನಲ್ಲಿ ನೇತಾಡುತ್ತಿದೆ. ಯಾರಿಗೆ ಡ್ರಾಪ್ ಬೇಕೋ ಅವರ ತಲೆಗೆ. ವಾರಕ್ಕೊಮ್ಮೆ ನನ್ನ ತಲೆಗೂ. ಅವನು ಅಂದು ಪಾರ್ಕಿಂಗ್‌ನಲ್ಲಿ ಆಡಿದ ಮಾತನ್ನು ನಾನು ಕೇಳಿಸಿಕೊಂಡೆ ಎಂದು ಕೂಡಲಿಯಲ್ಲಿ ಅವನಿಗೆ ಹೇಳಿದೆ. ಸ್ವಲ್ಪ ಹೊತ್ತು ನೀರು ನೋಡುತ್ತಾ ಕೂತ. ಆಮೇಲೆ, ‘ಆವತ್ತೇ ಬೈಯಬೇಕಿತ್ತು ಕಣೋ ನಂಗೆ. ಸುಮ್ಮನೆ ಮೂರು ತಿಂಗಳು ನಿಮ್ಮನೆ ಊಟ ತಪ್ಪಿಸಿದೆ’ ಎಂದ.

ನಿಮ್ಮ ಕ್ಲಾಸಿನಲ್ಲೂ ಪದೇ ಪದೇ ನೆಂಟರು ಬರುವ ಗೆಳೆಯನೊಬ್ಬ ಇರಬಹುದು. ಅವನನ್ನು ಒಮ್ಮೆ ಕೇಳಿ: ‘ನಿನ್ನ ಕೊನೆ ಬಸ್ಸು ಎಷ್ಟು ಹೊತ್ತಿಗೆ?’